ತೋಪಿನ ಗುಂಡು ಗ್ವಾಡಿ ದಾಟಿ ಹೋದದ್ದು ಯಾಕ? ಗೇಮ್ ಬರಿಯೋರ ಪ್ರಶ್ನೆಗೆ ಉತ್ತರ

ಹಿಂದಿನ ಸಂಚಿಕೆಯೊಳಗ ಸಣ್ಣ ಗೇಮ್ ಬರಿಯೂದರ ಬಗ್ಗೆ ಏನರ ಕೇಳೂದಿದ್ರ ಕೇಳ್ರಿ ಅಂತ ಬರದಿದ್ದೆ. ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಒಂದ ವಿಷಯದ ಮ್ಯಾಲ ಅದಾವ, ಸ್ಕ್ರೀನ್ ಮ್ಯಾಲಿನ ಎರಡು ವಸ್ತು ಒಂದಕ್ಕೊಂದು ತಾಗಿದ್ದು ಪ್ರೋಗ್ರಾಮಿಗೆ ಹೆಂಗ ಗೊತ್ತಾಗಬೇಕು ಅನ್ನೂದು, ಅಂದ್ರ ಕೊಲಿಷನ್ ಡಿಟೆಕ್ಷನ್. ಎಲ್ಲಾ ಪತ್ರ, ನೀವು ಕಳಿಸಿದ ಕೋಡ್, ಕುಂತು ಓದೀನಿ. ಓದಿ ನನಗ ಅನಿಸಿದ್ದು ಏನಂದ್ರ, "ತಾಗಿತೇನು" ಅನ್ನೋ ಲೆಕ್ಕದಾಗ ನಿಮ್ಮಲ್ಲಿ ಯಾರೂ ದೊಡ್ಡ ತಪ್ಪು ಮಾಡಿಲ್ಲ. ಎಡವಿದ್ದೆಲ್ಲಾ ಅದರ ಆಜೂಬಾಜೂ. ಯಾವ ಆಕಾರಕ್ಕ ಆ ಪ್ರಶ್ನೆ ಕೇಳಿದ್ರಿ, ಯಾವಾಗ ಕೇಳಿದ್ರಿ, ಹೂಂ ಅಂತ ಉತ್ತರ ಬಂದಮ್ಯಾಲ ಏನ್ ಮಾಡಿದ್ರಿ, ಈ ಮೂರರಾಗ ಒಂದು.

ಪ್ರಶ್ನೆ (ಮಹಾಲಿಂಗಪುರದಿಂದ, ಡಿಪ್ಲೊಮಾ ವಿದ್ಯಾರ್ಥಿ): ಅಕ್ಕಾರ ನಮಸ್ಕಾರ್ರೀ. ಕಬ್ಬಿನ ಟ್ರ್ಯಾಕ್ಟರ್ ಓಡಸೂ ಗೇಮ್ ಪೈಗೇಮದಾಗ (ಪೈಥಾನಿನಾಗ ಗೇಮ್ ಬರಿಯೂ ಲೈಬ್ರರಿ) ಮಾಡೀನ್ರಿ, ದಾರ್ಯಾಗ ಕಲ್ಲು ಬರ್ತಾವ, ಬೆಲ್ಲದ ಪೆಂಟಿ ಬರ್ತಾವ, ಕಲ್ಲಿಗೆ ತಾಗಿದ್ರ ಔಟ್. ಆದ್ರ ತಾಗದ ಇದ್ರೂ ಔಟ್ ಆಗಾಕತ್ತೈತ್ರಿ, ಕಣ್ಣಿಗೆ ನಡುವ ಸಂದಿ ಕಾಣತೈತಿ. ನಮ್ಮ ದೋಸ್ತ ಪಿಕ್ಸೆಲ್ ಪಿಕ್ಸೆಲ್ ಚೆಕ್ ಮಾಡಬೇಕು ಅಂತಾನ, ಹೌದೇನ್ರಿ?

ತಮ್ಮಾ, ಮೊದಲ ಲೆಕ್ಕ ಸರಿ ಐತೇನು ನೋಡೂನು. ಪ್ರೋಗ್ರಾಂ ಪ್ರತಿ ಚಿತ್ರಾನ ಒಂದು ಚೌಕ ಅಂತ ಹಿಡಿತೈತಿ. ನೆತ್ತಿ ಮ್ಯಾಲ ಬಿಸಲಿದ್ದಾಗ ಟ್ರ್ಯಾಕ್ಟರಿನ ನೆರಳು ಕೆಳಗ ನೆಲದ ಮ್ಯಾಲ ಬೀಳತೈತಿ, ಕಲ್ಲಿನ ನೆರಳೂ ಬೀಳತೈತಿ. ಹೊತ್ತು ಇಳಿದಾಗ ಬಾಜೂದಿಂದ ಬಿಸಲು ಬಂದ್ರ ಎರಡರ ನೆರಳೂ ಗ್ವಾಡಿ ಮ್ಯಾಲ ಬೀಳತಾವ. ನೆಲದ ಮ್ಯಾಲೂ ನೆರಳಿನ ಮ್ಯಾಲ ನೆರಳು ಬಿದ್ದೈತಿ, ಗ್ವಾಡಿ ಮ್ಯಾಲೂ ಬಿದ್ದೈತಿ ಅಂದ್ರ ಎರಡು ಚೌಕ ತಾಗ್ಯಾವ. ಎರಡರಾಗ ಒಂದು ಕಡೆ ನೆರಳು ಬ್ಯಾರೆ ಬ್ಯಾರೆ ನಿಂತಿದ್ರೂ ತಾಗಿಲ್ಲ. ಇದನ್ನ ಕೋಡಿನಾಗ ಬರದ್ರ ನಾಕು ಹೋಲಿಕಿ: ಟ್ರ್ಯಾಕ್ಟರಿನ ಎಡ ಅಂಚು ಕಲ್ಲಿನ ಬಲ ಅಂಚಿಗಿಂತ ಕಡಿಮಿ, ಟ್ರ್ಯಾಕ್ಟರಿನ ಬಲ ಅಂಚು ಕಲ್ಲಿನ ಎಡ ಅಂಚಿಗಿಂತ ಹೆಚ್ಚು, ಹಂಗ ಮ್ಯಾಲಿನ ಅಂಚು ಕೆಳಗಿನ ಅಂಚಿಗೆ ಇನ್ನೆರಡು. ನಾಕೂ ಹೌದಾದ್ರ ಮಾತ್ರ ಡಿಕ್ಕಿ. ಪೈಗೇಮಿನ ಕೊಲೈಡ್‌ರೆಕ್ಟ್ ಒಳಗ ಮಾಡೂದು ಇದನ್ನ, ನೀನೂ ಅದನ್ನ ಬಳಸಿ, ಹಂಗಾಗಿ ಲೆಕ್ಕ ಸರಿ ಐತಿ.

ತಪ್ಪಿರೂದು ನಿನ್ನ ಚಿತ್ರದಾಗ. ನೀ ಕಳಿಸಿದ ಪಿಎನ್‌ಜಿ ಫೈಲ್ ತಗದು ನೋಡಿದೆ, ಚಿತ್ರ 120 ಪಿಕ್ಸೆಲ್ ಅಗಲ ಐತಿ, ಆದ್ರ ಬಲಗಡೆ 18 ಪಿಕ್ಸೆಲ್ ಬರೇ ಪಾರದರ್ಶಕ, ಅಲ್ಲಿ ಏನೂ ಇಲ್ಲ. ಟ್ರ್ಯಾಕ್ಟರ್ ಎಕ್ಸ್ 100ಕ್ಕ ಇದ್ದಾಗ ಪ್ರೋಗ್ರಾಮಿನ ಪ್ರಕಾರ ಅದರ ಬಲ ಅಂಚು 220, ಕಲ್ಲು ಶುರುವಾಗೂದು 205ಕ್ಕ, 15 ಪಿಕ್ಸೆಲ್ ಒಳಗ ಹೊಕ್ಕೈತಿ, ಔಟ್. ನಿನ್ನ ಕಣ್ಣಿಗೆ ಟ್ರ್ಯಾಕ್ಟರ್ ಮುಗಿಯೂದು 202ಕ್ಕ, ಕಲ್ಲಿಗಿನ್ನೂ 3 ಪಿಕ್ಸೆಲ್ ಐತಿ. ಇಬ್ಬರೂ ಖರೇ ಹೇಳಾಕತ್ತೀರಿ, ನೋಡಾಕತ್ತಿದ್ದು ಮಾತ್ರ ಬ್ಯಾರೆ ಬ್ಯಾರೆ ಚೌಕ. ಅದಕ ನಾ ಎಲ್ಲರಿಗೂ ಹೇಳೂದು, ಗೇಮ್ ಬರಿಯಾಕ ಕುಂತ ಮೊದಲನೇ ದಿನಾನ ಒಂದು ಕೀ ಇಟಗೋರಿ, ಅದನ್ನ ಒತ್ತಿದ್ರ ಎಲ್ಲಾ ಹಿಟ್‌ಬಾಕ್ಸ್ (ತಾಗಿತೇನು ಅಂತ ನೋಡಾಕ ಪ್ರೋಗ್ರಾಂ ಹಿಡಿಯೂ ಚೌಕ) ಸುತ್ತ ಕೆಂಪು ಗೆರಿ ಬರಬೇಕು. ಮೂರು ಸಾಲು ಕೋಡ್ ಅಷ್ಟ. ನಾ ಎರಡು ರಾತ್ರಿ ನಿದ್ದಿಗೆಟ್ಟು ಹುಡುಕಿದ ಒಂದು ತಪ್ಪು ಆ ಕೆಂಪು ಗೆರಿ ಹಾಕಿದ ಕೂಡಲೆ ಸಿಕ್ಕಿತ್ತು, ಅವತ್ತಿನಿಂದ ಅದಿಲ್ಲದ ಗೇಮ್ ಬರದಿಲ್ಲ.

ಪಿಕ್ಸೆಲ್ ಪಿಕ್ಸೆಲ್ ಚೆಕ್ ನಿನಗ ಬ್ಯಾಡ. ಪೈಗೇಮದಾಗ ಅದಕ ಮಾಸ್ಕ್ ಅಂತ ಐತಿ, ಬೇಕಾದಾಗ ಬಳಸಬಹುದು, ಆದ್ರ ನಿನ್ನ ಗೇಮಿಗೆ ಎಂಜಿನ್ನಿಗೆ ಒಂದು ಚೌಕ, ಹಿಂದಿನ ಟ್ರೇಲರಿಗೆ ಒಂದು ಚೌಕ, ಇಷ್ಟ ಸಾಕು. ಇನ್ನೊಂದು ಮಾತು ಆಡೋರ ಕಡೆಯಿಂದ ಹೇಳ್ತೀನಿ. ಕಲ್ಲಿನ ಹಿಟ್‌ಬಾಕ್ಸ್ ಚಿತ್ರಕ್ಕಿಂತ ಸ್ವಲ್ಪ ಸಣ್ಣದು ಮಾಡು, ಬೆಲ್ಲದ ಪೆಂಟಿದು ಸ್ವಲ್ಪ ದೊಡ್ಡದು ಮಾಡು. ಕೂದಲೆಳಿ ಅಂತರದಾಗ ತಪ್ಪಿಸಿಕೊಂಡೆ ಅಂತ ಆಡೋರಿಗೆ ಖುಷಿ ಆಗತೈತಿ, ಪೆಂಟಿ ಸಿಗಬೇಕಿತ್ತು ಸಿಗಲಿಲ್ಲ ಅಂತ ಸಿಟ್ಟೂ ಬರಂಗಿಲ್ಲ. ಮುಂದ ಏರು ದಾರಿ ಮಾಡಿ ಟ್ರ್ಯಾಕ್ಟರ್ ಓರೆ ಮಾಡಿದ್ರ ಈ ನೇರ ಚೌಕ ಸಾಲಂಗಿಲ್ಲ, ಅವಾಗ ಬಿಸಲು ಬರೇ ಮ್ಯಾಲಿಂದ ಮತ್ತ ಬಾಜೂದಿಂದ ಅಲ್ಲದ ಆ ಓರೆ ಚೌಕದ ಬದಿಗುಂಟ ಹೋಗೋ ದಿಕ್ಕಿನಿಂದನೂ ಬಿಟ್ಟು ನೆರಳು ನೋಡಬೇಕು, ಅದಕ ಸೆಪರೇಟಿಂಗ್ ಆಕ್ಸಿಸ್ ಥಿಯರಂ ಅಂತಾರ, ಒಳಗ ತಗ್ಗಿಲ್ಲದ ಯಾವ ಬಹುಭುಜಕ್ಕಾದ್ರೂ ನಡಿತೈತಿ. ಅದು ಬೇಕಾದಾಗ ಬರಿ, ಇನ್ನೊಮ್ಮೆ ಕುಂತು ಮಾತಾಡೂನು.

ಪ್ರಶ್ನೆ (ವಿಜಯಪುರದಿಂದ, ಬಿಸಿಎ ವಿದ್ಯಾರ್ಥಿ): ಮೇಡಂ, ನಮ್ಮೂರಿನ ಮಲಿಕ್-ಎ-ಮೈದಾನ ತೋಪು ಇಟ್ಟು ಒಂದು ಗೇಮ್ ಮಾಡ್ಲಕತ್ತೀನ್ರಿ, ಗುಂಡು ಹೋಗಿ ಕ್ವಾಟಿ ಗ್ವಾಡಿಗೆ ಬಡೀಬೇಕು. ಭಾಳ ಸಲ ಬಡೀತದ, ಕೆಲವೊಮ್ಮೆ ಗ್ವಾಡಿ ಇಲ್ಲವೇ ಇಲ್ಲ ಅನ್ನೂಹಂಗ ಆರ್‌ಪಾರ್ ಹೋಗ್ತದ್ರಿ. ನನ್ನ ಗೆಳ್ಯಾನ ಹಳೀ ಲ್ಯಾಪ್‌ಟಾಪಿನಾಗಂತೂ ಅರ್ಧಕ್ಕರ್ಧ ಗುಂಡು ದಾಟಿ ಹೋಗ್ತಾವ. ಕೋಡ್ ಒಂದೇ ಅದ, ಹಿಂಗ್ಯಾಕ್ರಿ?

ಈ ಪತ್ರ ಓದಿ ಖುಷಿ ಆತು. ಶೇರ್ಜಾ ಬುರುಜಿನ ಮ್ಯಾಲ ಕುಂತ ಆ ತೋಪು 1549ರಾಗ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕದ್ದು, ಅದನ್ನ ಗೇಮಿಗೆ ತರಬೇಕು ಅಂತ ನಿನಗ ಅನಿಸಿತಲ್ಲ, ಅದ ದೊಡ್ಡದು. ನೀ ಬರದ ಅಂಕಿ ಹಿಡಕೊಂಡ ಲೆಕ್ಕ ಮಾಡೂನು.

ಗುಂಡಿನ ವೇಗ ಸೆಕೆಂಡಿಗೆ 2400 ಪಿಕ್ಸೆಲ್, ಗೇಮ್ ಓಡೂದು ಸೆಕೆಂಡಿಗೆ 60 ಫ್ರೇಮ್ (ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಿ ಬಿಡಸೂದು), ಅಂದ್ರ ಒಂದು ಫ್ರೇಮಿಗೆ ಗುಂಡು 40 ಪಿಕ್ಸೆಲ್ ಹೋಗತೈತಿ. "ಹೋಗತೈತಿ" ಅಂದೆ, ಖರೇ ಅಂದ್ರ ಹೋಗಂಗಿಲ್ಲ, ಜಿಗೀತೈತಿ, ನಡುವಿನ ಜಾಗದಾಗ ಅದು ಯಾವತ್ತೂ ಇರಂಗೇ ಇಲ್ಲ. ಗ್ವಾಡಿ 590ರಿಂದ 614ರ ತನಕ. ಈ ಫ್ರೇಮಿನಾಗ 10 ಪಿಕ್ಸೆಲ್ ಅಗಲದ ಗುಂಡು 575ರಿಂದ 585ರ ತನಕ ಐತಿ, ತಾಗಿಲ್ಲ. ಮುಂದಿನ ಫ್ರೇಮಿನಾಗ 615ರಿಂದ 625, ತಾಗಿಲ್ಲ. ಪ್ರೋಗ್ರಾಂ ಎರಡೂ ಸಲ ಸರಿಯಾದ ಉತ್ತರನ ಕೊಟ್ಟೈತಿ, ಗುಂಡು ಗ್ವಾಡಿ ದಾಟೂ ಹೊತ್ತಿಗೆ ನೀ ಪ್ರಶ್ನೇನ ಕೇಳಿಲ್ಲ. ಇದಕ ಟನೆಲಿಂಗ್ ಅಂತಾರ.

ಕೆಲವೊಮ್ಮೆ ಮಾತ್ರ ಯಾಕ ಅಂದ್ರ, ಗುಂಡು ಗ್ವಾಡಿ ಮುಟ್ಟಿರೂ ಜಾಗದ ಉದ್ದ ಗ್ವಾಡಿ 24 ಮತ್ತ ಗುಂಡು 10 ಕೂಡಿ 34 ಪಿಕ್ಸೆಲ್, ಜಿಗಿಯೂದು 40. ಉಳಿದ 6 ಪಿಕ್ಸೆಲ್ಲಿನ ಸಂದಿಯೊಳಗ ಹೆಜ್ಜಿ ಬಿದ್ರ ಪಾರಾಗಿ ಹೋಗತೈತಿ, 40ರಾಗ 6 ಅಂದ್ರ ನೂರಕ್ಕ 15 ಗುಂಡು. ನಿನ್ನ ಗೆಳ್ಯಾನ ಲ್ಯಾಪ್‌ಟಾಪ್ 30 ಫ್ರೇಮ್ ಮಾತ್ರ ಓಡಸತೈತಿ ಅಂತ ಹಿಡಿ, ನೀ ಡೆಲ್ಟಾ ಟೈಮ್ (ಹಿಂದಿನ ಫ್ರೇಮಿನಿಂದ ಕಳದ ಹೊತ್ತಿಗೆ ತಕ್ಕಂಗ ಸರಿಸೂದು) ಬಳಸಿದ್ದಕ್ಕ ಅಲ್ಲಿ ಒಂದೊಂದು ಜಿಗಿತ 80 ಪಿಕ್ಸೆಲ್, ಸಂದಿ 46, ನೂರಕ್ಕ 57ರ ಮ್ಯಾಲ ಪಾರು. ನೀ ಬರದಿದ್ದಿ ನೋಡು ಅರ್ಧಕ್ಕರ್ಧ ಅಂತ, ಲೆಕ್ಕ ಹತ್ತಿರ ಹತ್ತಿರ ಕೂಡತೈತಿ.

ಪರಿಹಾರ ಎರಡು ಅದಾವ. ಮೊದಲನೇದು ಸುಲಭ, ಒಂದು ದೊಡ್ಡ ಜಿಗಿತದ ಬದಲಿ ನಾಕು ಸಣ್ಣ ಹೆಜ್ಜಿ, ಒಂದೊಂದು 10 ಪಿಕ್ಸೆಲ್, ಪ್ರತಿ ಹೆಜ್ಜಿಗೂ ತಾಗಿತೇನು ಕೇಳೂದು. ಎಷ್ಟು ಹೆಜ್ಜಿ ಬೇಕು ಅನ್ನೂದನ್ನ ಆ ಫ್ರೇಮಿನಾಗ ಗುಂಡು ಹೋಗೂ ದೂರ ಭಾಗಿಸು ಗುಂಡಿನ ಅಗಲ ಅಂತ ಲೆಕ್ಕ ಹಾಕು, ನಾಕು ಅಂತ ಕೋಡಿನಾಗ ಗಟ್ಟಿ ಬರದ್ರ ನಾಳೆ ವೇಗ ಹೆಚ್ಚು ಮಾಡಿದಾಗ ಮತ್ತ ಅದ ಗೋಳು. ಎರಡನೇದು ಹೆಜ್ಜಿ ಇಡದ ಸೀದಾ ಕೇಳೂದು: ಈ ಫ್ರೇಮಿನಾಗ ಯಾವ ಹೊತ್ತಿಗೆ ತಾಗತೈತಿ? ಗುಂಡಿನ ಬಲ ಅಂಚು 585, ಗ್ವಾಡಿ 590, ನಡುವ 5 ಪಿಕ್ಸೆಲ್, ಹೋಗೂದು 40, ಹಂಗಾದ್ರ ಫ್ರೇಮಿನ 0.125 ಭಾಗ ಕಳದಾಗ ಡಿಕ್ಕಿ. ಎಕ್ಸ್ ಕಡೆ ಒಂದು ಒಳಹೋಗೂ ಹೊತ್ತು, ಒಂದು ಹೊರಬರೂ ಹೊತ್ತು, ವೈ ಕಡೆಗೂ ಹಂಗ. ಒಳಹೋಗೂದರಾಗ ತಡವಾದದ್ದು ಹೊರಬರೂದರಾಗ ಬೇಗಾದದ್ದಕ್ಕಿಂತ ಮೊದಲಿದ್ದು, ಅದು 0 ಮತ್ತ 1ರ ನಡುವ ಬಿದ್ರ ಈ ಫ್ರೇಮಿನಾಗ ಡಿಕ್ಕಿ ಐತಿ. ಇದಕ ಸ್ವೆಪ್ಟ್ ಕೊಲಿಷನ್ ಅಂತ ಹೆಸರು. ಗುಂಡು ವೈ ಕಡೆ ಕದಲದ ಇದ್ರ ಸೊನ್ನೆಯಿಂದ ಭಾಗಿಸೂದಾಗತೈತಿ, ಅಷ್ಟು ನೋಡಿಕೋ.

ಅದರ ಜೋಡಿ ಗೇಮಿನ ಲೆಕ್ಕಾನ ಚಿತ್ರ ಬಿಡಸೂದರಿಂದ ಬ್ಯಾರೆ ಮಾಡು. ಲೆಕ್ಕ ಯಾವಾಗ್ಲೂ ಸೆಕೆಂಡಿನ 60ನೇ ಒಂದು ಭಾಗದ ಹೆಜ್ಜಿಯೊಳಗ ನಡೀಲಿ, ಲ್ಯಾಪ್‌ಟಾಪ್ ಹಿಂದ ಬಿದ್ರ ಒಂದು ಫ್ರೇಮಿನಾಗ ಎರಡು ಸಲ ಲೆಕ್ಕ ಮಾಡಿ ಒಂದು ಸಲ ಬಿಡಸು. ಅವಾಗ ನಿನ್ನ ಕಂಪ್ಯೂಟರಿನಾಗ, ಗೆಳ್ಯಾನ ಕಂಪ್ಯೂಟರಿನಾಗ ಒಂದ ಆಟ ಬರತೈತಿ.

ಪ್ರಶ್ನೆ (ಅಥಣಿಯಿಂದ): ನನ್ನ ಗೇಮಿನಾಗ ಬಸವನಹುಳ ಐತ್ರಿ, ಪ್ರತಿ ಫ್ರೇಮಿಗೆ 0.5 ಪಿಕ್ಸೆಲ್ ಸರಿಬೇಕು. ಎಡಕ್ಕ ಹೋಗತೈತಿ, ಬಲಕ್ಕ ಮಾತ್ರ ಅಳ್ಳಾಡಂಗಿಲ್ಲ. ಯಾವುದಕ್ಕ ತಾಗಿ ನಿಂತೈತಿ ಅಂತ ಮೂರು ದಿನದಿಂದ ಹುಡುಕಾಕತ್ತೀನ್ರಿ.

ಯಾವುದಕ್ಕೂ ತಾಗಿಲ್ಲ. ಪೈಗೇಮಿನ ರೆಕ್ಟ್ (ಚೌಕದ ಜಾಗ, ಅಳತಿ ಇಡೂದು) ಒಳಗ ಪೂರ್ಣಾಂಕ ಮಾತ್ರ ಕುಂದರತಾವ. 100ಕ್ಕ 0.5 ಕೂಡಿಸಿದ್ರ 100.5, ದಶಮಾಂಶ ಕತ್ತರಿಸಿ ಮತ್ತ 100, ಇದ್ದಲ್ಲೇ. 100ರಾಗ 0.5 ಕಳದ್ರ 99.5, ಕತ್ತರಿಸಿದ್ರ 99, ಒಂದು ಪೂರಾ ಪಿಕ್ಸೆಲ್ ಎಡಕ್ಕ. ಹುಳದ ಖರೇ ಜಾಗಾನ ಬ್ಯಾರೆ ಫ್ಲೋಟ್ (ದಶಮಾಂಶ ಹಿಡಿಯೂ) ವೇರಿಯಬಲ್‌ನಾಗ ಇಟಗೊಂಡು ಅದಕ ಕೂಡಿಸು, ಆಮ್ಯಾಲ ಅದನ್ನ ರೆಕ್ಟಿಗೆ ಕೊಡು.

ಪ್ರಶ್ನೆ (ಬೆಳಗಾವಿಯಿಂದ, ಎಂಜಿನಿಯರಿಂಗ್ ಓದೂ ಹುಡುಗಿ): ಅಕ್ಕಾ, ಕೇರಂ ಗೇಮ್ ಮಾಡಾಕತ್ತೀನಿ. ಎರಡು ತೊಂದ್ರಿ ಅದಾವ. ಮೂಲಿ ಮೂಲಿಗೆ ಕಾಯಿ ತಾಗದಿದ್ರೂ ಹಾರತಾವ. ಮತ್ತ ಎರಡು ಕಾಯಿ ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡು ಗಡಗಡ ನಡುಗತಾವ, ಬಿಡಂಗೇ ಇಲ್ಲ.

ತಂಗಿ, ಮೊದಲನೇದು ಬೇಗ ಮುಗಸೂನು. ದುಂಡಗಿನ ಕಾಯಿಗೆ ನೀ ಚೌಕದ ಚೆಕ್ ಹಾಕೀದಿ, ಚೌಕಕ್ಕ ಮೂಲಿ ಇರತಾವ, ಕಾಯಿಗೆ ಇಲ್ಲ. ವೃತ್ತಕ್ಕ ವೃತ್ತದ ಲೆಕ್ಕ ಇನ್ನೂ ಸಣ್ಣದು: ನಡುಬಿಂದುಗಳ ದೂರ ಎರಡೂ ತ್ರಿಜ್ಯದ ಮೊತ್ತಕ್ಕಿಂತ ಕಡಿಮಿ ಇದ್ರ ತಾಗ್ಯಾವ. ಅಧಿಕೃತ ಅಳತಿ ಪ್ರಕಾರ ಕಾಯಿಯ ವ್ಯಾಸ ಹೆಚ್ಚಂದ್ರ 3.18 ಸೆಂಟಿಮೀಟರ್, ಸ್ಟ್ರೈಕರ್ 4.13. ಒಂದು ಸೆಂಟಿಮೀಟರಿಗೆ 10 ಪಿಕ್ಸೆಲ್ ಹಿಡದ್ರ ತ್ರಿಜ್ಯ ಸುಮಾರು 16 ಮತ್ತ 21, ಕೂಡಿದ್ರ 37. ವರ್ಗಮೂಲ ತಗಿಯೂ ಗರಜ ಇಲ್ಲ, ಎರಡೂ ಕಡೆ ವರ್ಗ ಮಾಡಿ ಹೋಲಿಸು, 37ರ ವರ್ಗ 1369. ಎಕ್ಸ್ ಅಂತರ 30, ವೈ ಅಂತರ 30 ಇದ್ರ 900 ಕೂಡಿಸು 900, ಅಂದ್ರ 1800, ತಾಗಿಲ್ಲ. ಚೌಕದ ಲೆಕ್ಕದಾಗ 30 ಅನ್ನೂದು 37ಕ್ಕಿಂತ ಕಡಿಮಿ ಅಂತ ತಾಗಿತು ಅಂದಿರತೈತಿ, ನಿನ್ನ ಕಾಯಿ ಗಾಳ್ಯಾಗ ಹಾರಿದ್ದು ಅಲ್ಲೇ.

ಎರಡನೇದು ನನಗ ಭಾಳ ಸೇರೂ ಪ್ರಶ್ನೆ, ಯಾಕಂದ್ರ ಇಲ್ಲಿ ಕೋಡ್ ಓದಿದ್ರ ತಪ್ಪು ಕಾಣಂಗಿಲ್ಲ. ತಾಗಿದ್ರ ವೇಗ ತಿರುವು ಅಂತ ಬರದಿ, ಸರಿ ಅನಸತೈತಿ. ಆದ್ರ ತಾಗಿದ್ದು ಗೊತ್ತಾಗೂ ಹೊತ್ತಿಗೆ ಕಾಯಿ ಒಂದರಾಗೊಂದು ಸ್ವಲ್ಪ ಹೊಕ್ಕಬಿಟ್ಟಿರತಾವ. ವೇಗ ತಿರುಗಿತು, ಮುಂದಿನ ಫ್ರೇಮಿನಾಗ ಹೊರಗ ಬರಾಕ ಹೊಂಟಾವ, ಇನ್ನೂ ಪೂರಾ ಬಂದಿಲ್ಲ, ಮತ್ತ ತಾಗಿತು ಅಂತ ಉತ್ತರ, ಮತ್ತ ತಿರುವಿದಿ, ವಾಪಸ್ ಒಳಗ. ಪ್ರತಿ ಫ್ರೇಮಿಗೂ ಇದ ನಡದ್ರ ನಡುಗದ ಏನ್ ಮಾಡತಾವ ಹೇಳು. ಅದಕ ತಾಗಿದ ಮ್ಯಾಲ ಎರಡು ಕೆಲಸ ಅದಾವ. ಒಂದು, ಹೊಕ್ಕಷ್ಟು ಹೊರಗ ದೂಡೂದು. ಅಂತರ 30 ಮತ್ತ 20 ಅಂತ ಹಿಡಿ, ವರ್ಗಗಳ ಮೊತ್ತ 1300, ಇಲ್ಲಿ ಮಾತ್ರ ವರ್ಗಮೂಲ ಬೇಕು, 36.06, ಅಂದ್ರ 0.94 ಪಿಕ್ಸೆಲ್ ಹೊಕ್ಕಾವ, ನಡುಬಿಂದು ಕೂಡಸೂ ಗೆರಿ ಮ್ಯಾಲ ಅಷ್ಟು ದೂಡು. ಎರಡೂ ನಡುಬಿಂದು ಒಂದ ಜಾಗಾಕ್ಕ ಬಿದ್ರ ದೂರ ಸೊನ್ನೆ, ಭಾಗಾಕಾರ ಕೈಕೊಡತೈತಿ, ಅದಕ್ಕೊಂದು ಇಫ್ ಹಾಕಿರು. ಎರಡನೇದು, ಒಂದಕ್ಕೊಂದು ಹತ್ತಿರ ಬರಾಕತ್ತಿದ್ರ ಮಾತ್ರ ವೇಗ ಬದಲಿ ಮಾಡು. ಎರಡರ ವೇಗದ ವ್ಯತ್ಯಾಸ ಮತ್ತ ಆ ಗೆರಿಯ ದಿಕ್ಕು, ಇವೆರಡರ ಡಾಟ್ ಪ್ರಾಡಕ್ಟ್ (ಎಕ್ಸಿಗೆ ಎಕ್ಸ್, ವೈಗೆ ವೈ ಗುಣಿಸಿ ಕೂಡಸೂದು) ನೋಡಿದ್ರ ಹತ್ತಿರ ಬರಾಕತ್ತಾವೋ ದೂರ ಹೊಂಟಾವೋ ತಿಳೀತೈತಿ. ದೂರ ಹೊಂಟಿದ್ರ ಕೈ ಹಚ್ಚಬ್ಯಾಡ.

ವೇಗ ಬರೇ ತಿರುಗಿಸೂದೂ ಕೇರಮ್ಮಿಗೆ ಒಪ್ಪಂಗಿಲ್ಲ. ಒಂದು ಕಾಯಿ ಇನ್ನೊಂದು ಕಾಯಿಗೆ ಸೀದಾ ಬಡದ್ರ ಬಂದದ್ದು ನಿಂದರತೈತಿ, ನಿಂತದ್ದು ಓಡತೈತಿ, ಮನ್ಯಾಗಿನ ಬೋರ್ಡ್ ಮ್ಯಾಲ ಹಚ್ಚಿ ನೋಡು. ಸ್ಟ್ರೈಕರ್ 15 ಗ್ರಾಂ ತನಕ ಇರಬಹುದು, ಕಾಯಿ 5ರಿಂದ 5.5 ಗ್ರಾಂ. 15 ಮತ್ತ 5 ಹಿಡದು, ಶಕ್ತಿ ಏನೂ ಹಾಳಾಗಲಿಲ್ಲ ಅಂದ್ಕೊಂಡ್ರ, ಸೀದಾ ಬಡದ ಸ್ಟ್ರೈಕರ್ ಅರ್ಧ ವೇಗದಾಗ ಮುಂದ ಹೋಗತೈತಿ, ಕಾಯಿ ಒಂದೂವರಿ ಪಟ್ಟು ವೇಗದಾಗ ಓಡತೈತಿ. ಹೊರಗ ದೂಡೂದೂ ಹಂಗ, ಕಾಯಿಗೆ ಮುಕ್ಕಾಲು ಪಾಲು, ಸ್ಟ್ರೈಕರಿಗೆ ಕಾಲು. ಈ ಒಂದು ತಿದ್ದುಪಡಿಗೆ ಆಟ ಕೈಗೆ ಖರೇ ಅನಸಾಕತ್ತತೈತಿ.

ಪ್ರಶ್ನೆ (ಬಾದಾಮಿಯಿಂದ): ಗುಡ್ಡದ ಮೆಟ್ಲ ಹತ್ತೂ ಗೇಮ್. ಹುಡುಗ ಜಿಗದು ಮೆಟ್ಲದ ಬದೀಗೆ ತಾಗಿದ್ರ ಸಾಕ್ರಿ, ಟಪ್ಪಂತ ಮೆಟ್ಲದ ಮ್ಯಾಲ ಹೋಗಿ ನಿಂದರತಾನ, ಗ್ವಾಡಿಗೆ ಒತ್ತಿ ಹಿಡದ್ರ ಹಾರಕೋತ ಹಾರಕೋತ ಮ್ಯಾಲೇ ಹೋಗತಾನ.

ಎಕ್ಸ್ ವೈ ಎರಡೂ ಒಟ್ಟಿಗೆ ಸರಿಸಿ ಆಮ್ಯಾಲ ಚೆಕ್ ಮಾಡೀರಿ, ಹಂಗಾಗಿ ಬದಿಯಿಂದ ತಾಗಿದನೋ ಮ್ಯಾಲಿಂದ ಇಳದನೋ ಪ್ರೋಗ್ರಾಮಿಗೆ ತಿಳಿಯೂ ದಾರಿ ಇಲ್ಲ, ಏನ ತಾಗಿದ್ರೂ ಮ್ಯಾಲ ಎತ್ತಿ ಇಡತೈತಿ. ಮೊದಲ ಎಕ್ಸ್ ಅಷ್ಟ ಸರಿಸ್ರಿ, ತಾಗಿದ್ರ ಬದೀಗೆ ದೂಡಿ ಎಕ್ಸ್ ವೇಗ ಸೊನ್ನೆ ಮಾಡ್ರಿ. ಅದು ಮುಗದಮ್ಯಾಲ ವೈ ಸರಿಸ್ರಿ, ತಾಗಿದ್ರ ಮ್ಯಾಲ ಇಲ್ಲಾ ಕೆಳಗ ದೂಡ್ರಿ. ಹುಡುಗ ನೆಲದ ಮ್ಯಾಲ ಅದಾನ, ಮತ್ತ ಜಿಗೀಬಹುದು ಅನ್ನೂದು ಎರಡನೇ ಹಂತದಾಗ, ಅದೂ ಕೆಳಗ ಬೀಳಾಕತ್ತಿದ್ದಾಗ ತಾಗಿದ್ರ ಮಾತ್ರ ಹೌದಾಗಬೇಕು. ಪೈಗೇಮದಾಗ ವೈ ಕೆಳಗ ಹೋದಂಗ ಹೆಚ್ಚಾಗತೈತಿ, ನಿಮ್ಮ ಕೋಡಿನಾಗ ಒಂದು ಕಡೆ ಉಲ್ಟಾ ಐತಿ, 40ನೇ ಸಾಲಿನ ಹತ್ತಿರ ನೋಡ್ರಿ.

ಪ್ರಶ್ನೆ (ಇಂಡಿ ತಾಲೂಕಿನ ಒಬ್ಬ ಹೈಸ್ಕೂಲ್ ಮಾಸ್ತರು): ಎಂಟನೇತ್ತಾ ಮಕ್ಕಳಿಗೆ ಸ್ಕ್ರಾಚ್ (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡೂದು) ಕಲಿಸ್ತೀನ್ರಿ. ಅದರಾಗ ಟಚಿಂಗ್ ಅನ್ನೂ ಬ್ಲಾಕ್ ರೆಡಿ ಅದ. ಹಂಗಿದ್ದಾಗ ಈ ಲೆಕ್ಕ ಎಲ್ಲಾ ಮಕ್ಕಳಿಗೆ ಯಾಕ ಕಲಿಸ್ಬೇಕು?

ಗುರುಗಳ, ರೆಡಿ ಬ್ಲಾಕ್ ಹಳೀ ಪದ್ಧತಿನ. 1972ರ ಪಾಂಗ್ ಆಟದಾಗ ಪ್ರೋಗ್ರಾಮೇ ಇರಲಿಲ್ಲ, ಚೆಂಡು ಬ್ಯಾಟಿಗೆ ಬಡದದ್ದು ಸರ್ಕ್ಯೂಟಿಗೇ ಗೊತ್ತಾಗತಿತ್ತು. 1977ರ ಅಟಾರಿ 2600 ಗೇಮ್ ಯಂತ್ರದೊಳಗ ಚಿತ್ರ ಬಿಡಸೂ ಚಿಪ್ಪೇ ಈ ಕೆಲಸ ಮಾಡತಿತ್ತು. ಎರಡು ಆಟಗಾರ, ಎರಡು ಗುಂಡು, ಒಂದು ಚೆಂಡು, ಒಂದು ಹಿನ್ನೆಲಿ, ಒಟ್ಟು ಆರು, ಆರರಾಗ ಜೋಡಿ ಮಾಡಿದ್ರ 15, ಆ ಚಿಪ್ಪಿನಾಗ ಸರಿಯಾಗಿ 15 ಬಿಟ್ ಇದ್ದು. 1982ರ ಕೊಮೊಡೋರ್ 64 ಕಂಪ್ಯೂಟರಿನಾಗ ಎಂಟು ಸ್ಪ್ರೈಟ್ (ಸ್ಕ್ರೀನ್ ಮ್ಯಾಲ ಸರಿದಾಡೂ ಸಣ್ಣ ಚಿತ್ರ), ಯಾವ್ಯಾವ ಸ್ಪ್ರೈಟ್ ಡಿಕ್ಕಿಯೊಳಗ ಅದಾವ ಅಂತ ಚಿಪ್ ಹೇಳತಿತ್ತು, ನಾಕು ಸ್ಪ್ರೈಟ್ ಹೆಸರು ಬಂದ್ರ ಯಾರು ಯಾರಿಗೆ ಬಡದ್ರು ಅಂತ ಹೇಳತಿರಲಿಲ್ಲ. ಅದನ್ನ ಬರಿಯೋರು ಲೆಕ್ಕ ಹಾಕಬೇಕಿತ್ತು. ನಿಮ್ಮ ಸ್ಕ್ರಾಚ್ ಬ್ಲಾಕೂ ಹೌದು ಇಲ್ಲ ಅಂತ ಅಷ್ಟ ಹೇಳತೈತಿ, ಎಷ್ಟು ಹೊಕ್ಕೈತಿ, ಯಾವ ಕಡೆಯಿಂದ ಅಂತ ಹೇಳಂಗಿಲ್ಲ. ಮಕ್ಕಳು ಮೊದಲನೇ ತಿಂಗಳು ಬ್ಲಾಕ್ ಬಳಸಿ ಆಟ ಮಾಡಲಿ, ಖುಷಿ ಪಡಲಿ. ಆಮ್ಯಾಲ ಒಂದಿನ ಗ್ರಾಫ್ ಹಾಳಿ ಕೊಟ್ಟು ಎರಡು ಚೌಕ ಕತ್ತರಿಸಿ ಸರಿಸಾಕ ಹಚ್ಚರಿ, ಯಾವಾಗ ತಾಗಂಗಿಲ್ಲ ಅಂತ ಬರೀಲಿ. ಎಡಕ್ಕ ಪೂರಾ ಐತಿ, ಬಲಕ್ಕ ಐತಿ, ಮ್ಯಾಲ ಐತಿ, ಕೆಳಗ ಐತಿ, ಈ ನಾಕು ತಾವ ಕಂಡ್ಕೋತಾವ. ಸ್ಕ್ರಾಚಿನಾಗ ಸ್ಟೇಜ್ 480 ಅಗಲ 360 ಎತ್ತರ, ಸೊನ್ನೆ ನಡುವ, ವೈ ಮ್ಯಾಲ ಹೋದಂಗ ಹೆಚ್ಚು, ನಿಮ್ಮ ಗಣಿತದ ಪುಸ್ತಕದಾಗ ಇದ್ದಂಗ ಐತಿ, ಅದು ನಿಮಗ ಅನುಕೂಲ.

ಪ್ರಶ್ನೆ (ಗೋಕಾಕದಿಂದ): ಜೋಳದ ಹೊಲಕ್ಕ ಹಕ್ಕಿ ಬರೂ ಗೇಮ್ ಐತ್ರಿ, 60 ಹಕ್ಕಿ ಆದ ಕೂಡಲೆ ಗೇಮ್ ನಿಂತ ನಿಂತ ಓಡತೈತಿ. ಜೋಡಿ ಜೋಡಿ ಚೆಕ್ ಮಾಡೂದು ಭಾರ ಆಗತೈತಿ, ಗ್ರಿಡ್ ಹಾಕಬೇಕು ಅಂತ ಓದೀನಿ, ಹೆಂಗ ಹಾಕೂದ್ರಿ?

ಗ್ರಿಡ್ ಅಂದ್ರ ಸ್ಕ್ರೀನ್ ಮನಿ ಮನಿ ಮಾಡಿ, ತನ್ನ ಮನಿ ಮತ್ತ ಸುತ್ತಿನ ಎಂಟು ಮನ್ಯಾಗಿನ ಹಕ್ಕಿ ಜೋಡಿ ಅಷ್ಟ ಚೆಕ್ ಮಾಡೂದು. ಹಕ್ಕಿ ಒಂದು ಮನಿಗಿಂತ ದೊಡ್ಡದಿರಬಾರದು ಅಷ್ಟ. 1000 ಹಕ್ಕಿ ಇದ್ರ ಜೋಡಿ 4,99,500, ಅದ 1280ಕ್ಕ 720ರ ಸ್ಕ್ರೀನಿನಾಗ 64 ಪಿಕ್ಸೆಲ್ ಮನಿ ಮಾಡಿದ್ರ 240 ಮನಿ, ಹಕ್ಕಿ ಸಮಾ ಹರಡಿದ್ರ ಸುಮಾರು 19 ಸಾವಿರ ಜೋಡಿಗೆ ಇಳೀತೈತಿ. ಆದ್ರ 60 ಹಕ್ಕಿಗೆ ಜೋಡಿ 1770 ಮಾತ್ರ, ಅಷ್ಟಕ್ಕ ಗೇಮ್ ಹಿಂಗ ನಿಂದರಬಾರದು. ಅನುಮಾನ ಬಂದು ನಿನ್ನ ಕೋಡ್ ಪೂರಾ ಓದಿದೆ. ಹಕ್ಕಿ ಬಿಡಸೂ ಫಂಕ್ಷನ್ ಒಳಗ ಚಿತ್ರದ ಫೈಲ್ ಲೋಡ್ ಮಾಡೂ ಸಾಲು ಐತಿ, ಅಂದ್ರ 60 ಹಕ್ಕಿಗೆ ಪ್ರತಿ ಫ್ರೇಮಿಗೂ 60 ಸಲ ಡಿಸ್ಕಿನಿಂದ ಫೈಲ್ ತಗದು ಓದಾಕತ್ತೈತಿ. ಆ ಸಾಲು ಗೇಮ್ ಶುರುವಾಗೂ ಮೊದಲ ಒಮ್ಮೆ ಬರಿ, ಚಿತ್ರ ಒಂದು ವೇರಿಯಬಲ್‌ನಾಗ ಇಟಗೋ, ಗ್ರಿಡ್ಡಿಗೆ ಸದ್ಯ ಕೈ ಹಾಕಬ್ಯಾಡ. ಹಕ್ಕಿ 300ಕ್ಕ ಏರಿಸಿ ಓಡಿಸಿ ನೋಡು, ಅವಾಗೂ ನಿಂತ್ರ ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಅಂತ ಬರದು ಕಳಸು.